ಕಾಯುವವರ ಲೆಕ್ಕ

ಲಖನೌದ ಇಬ್ಬರು ನವಾಬರ ಕತೆ ಉರ್ದು ಬಲ್ಲವರಿಗೆಲ್ಲ ಗೊತ್ತಿರುವಂಥದ್ದು. ರೈಲು ಬಂದು ನಿಂತಿದೆ. ಬೋಗಿಯ ಬಾಗಿಲಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಾಗಿ ‘ಪೆಹಲೇ ಆಪ್’, ‘ನಹೀ ಹುಜೂರ್, ಪೆಹಲೇ ಆಪ್’ ಎನ್ನುತ್ತಿದ್ದಾರೆ. ಅಷ್ಟರಲ್ಲಿ ರೈಲು ಹೊರಟುಹೋಗುತ್ತದೆ. ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತ ನಾವು ಈ ಕತೆ ಕೇಳಿ ನಕ್ಕದ್ದಕ್ಕೆ ಲೆಕ್ಕವಿಲ್ಲ. ಐದನೆಯದಕ್ಕೆ ಕನ್ನಡ ಶಾಲೆಗೆ ಹೋದಾಗ ಅಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು: ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.’

ಎರಡರಲ್ಲೂ ಕೆಲಸ ನಿಂತುಹೋಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ನವಾಬರು ತಮ್ಮ ಕೈಯಲ್ಲಿ ಏನನ್ನೂ ಬಿಗಿ ಹಿಡಿದುಕೊಂಡಿಲ್ಲ. ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ರೈಲು ತಪ್ಪಿಸಿಕೊಂಡರು. ಗಾದೆಯಲ್ಲಿ ಹಾಗಲ್ಲ, ಒಂದರ ಕೊರಳು ಇನ್ನೊಂದರ ಕೈಯಲ್ಲಿದೆ. ಕಂಪ್ಯೂಟರ್ ಬಲ್ಲವರು ಮೊದಲನೆಯದನ್ನು ಲೈವ್‌ಲಾಕ್ ಎಂದೂ ಎರಡನೆಯದನ್ನು ಡೆಡ್‌ಲಾಕ್ ಎಂದೂ ಕರೆಯುತ್ತಾರೆ. ಈ ಭೇದವನ್ನು ನಮಗೆ ಹೇಳಿಕೊಟ್ಟವನು ಬೆಂಗಳೂರಿನಲ್ಲಿ ಲಿನಕ್ಸ್ ಕೆಲಸ ಮಾಡುವ ನಮ್ಮ ಅಕ್ಕನ ಮಗ. ‘ಮಾಮೂ, ನೀವು ಕತೆಯಲ್ಲಿ ಗಂಟು ಹಾಕುತ್ತೀರಿ, ನಾವು ಕೋಡಿನಲ್ಲಿ ಗಂಟು ಬಿಡಿಸುತ್ತೇವೆ’ ಎಂದು ಅವನು ತಮಾಷೆ ಮಾಡುತ್ತಿದ್ದ. ಯಾವ ಗಂಟು ಎಂದು ನಾವು ಪಟ್ಟು ಹಿಡಿದು ಕೇಳಿದೆವು. ಎರಡು ಈದ್ ರಜೆಗಳಲ್ಲಿ ಕೂತು ಅವನು ಬಿಡಿಸಿ ಹೇಳಿದ್ದನ್ನು, ಆಮೇಲೆ ನಾವೇ ಓದಿಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಕತೆಗಾರನಿಗೆ ಇದರಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಕತೆಗಾರನ ಕೆಲಸವೇ ಇದರಲ್ಲಿದೆ ಎಂದು ನಮಗೆ ಅನ್ನಿಸಿದ್ದರಿಂದಲೇ ಈ ಬರಹ.

ಕಂಪ್ಯೂಟರಿನ ಒಳಮನೆಗೆ ಕರ್ನಲ್ ಎಂದು ಹೆಸರು. ಡಿಸ್ಕು, ಮೆಮೊರಿ, ಪರದೆ ಎಲ್ಲದರ ಯಜಮಾನಿಕೆ ಅದರದ್ದು. ನಾವು ನೀವು ಬಳಸುವ ಪ್ರೋಗ್ರಾಂಗಳೆಲ್ಲ ಹೊರಜಗುಲಿಯವು. ಅವಕ್ಕೆ ಒಂದು ಫೈಲು ಬೇಕಾದರೆ ಕರ್ನಲ್ ಬಾಗಿಲಿಗೆ ಬಂದು ಕೇಳಬೇಕು. ಫೈಲುಗಳನ್ನು ಎಲ್ಲಿ, ಹೇಗೆ ಜೋಡಿಸಿಡಬೇಕು ಎಂಬ ವ್ಯವಸ್ಥೆಯೇ ಫೈಲ್ ಸಿಸ್ಟಂ. ಸಾಮಾನ್ಯವಾಗಿ ಅದೂ ಒಳಮನೆಯ ಭಾಗವೇ. ಅಲ್ಲಿ ಒಂದು ತಪ್ಪಾದರೆ ಇಡೀ ಮನೆ ಕುಸಿಯುತ್ತದೆ. ಆದ್ದರಿಂದ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮಿಕ್ಲೋಷ್ ಸೆರೆದಿ ಎಂಬ ಹಂಗೇರಿಯ ಪ್ರೋಗ್ರಾಮರ್ ಇದಕ್ಕೊಂದು ಕಿಟಕಿ ತೆರೆದರು. ಅದರ ಹೆಸರು ಫ್ಯೂಸ್. 2005ರ ಅಕ್ಟೋಬರಿನಲ್ಲಿ ಬಂದ ಲಿನಕ್ಸ್ 2.6.14ರಲ್ಲಿ ಅದು ಕರ್ನಲ್ಲಿನ ಅಂಗವಾಯಿತು. ಫ್ಯೂಸ್ ಇದ್ದರೆ ಫೈಲ್ ಸಿಸ್ಟಂ ನಡೆಸುವವನು ಒಳಗಿರಬೇಕಾಗಿಲ್ಲ, ಜಗುಲಿಯಲ್ಲಿ ಕೂತ ಸಾಧಾರಣ ಪ್ರೋಗ್ರಾಂ ಆಗಿರಬಹುದು. ಈ ತೆರೆಮರೆಯ ಸೇವಕನನ್ನು ಡೀಮನ್ ಎನ್ನುತ್ತಾರೆ. ನೀವು ಫೈಲು ಕೇಳುತ್ತೀರಿ. ಕರ್ನಲ್ ನಿಮ್ಮ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಸರದಿಯಲ್ಲಿ ಇಡುತ್ತದೆ, ನಿಮ್ಮನ್ನು ನಿದ್ದೆಗೆ ಕಳುಹಿಸುತ್ತದೆ. ಡೀಮನ್ ಚೀಟಿ ಎತ್ತಿಕೊಂಡು, ಕೆಲಸ ಮಾಡಿ, ಉತ್ತರ ತಂದು ಕೊಡುತ್ತದೆ. ಕರ್ನಲ್ ನಿಮ್ಮನ್ನು ಎಬ್ಬಿಸುತ್ತದೆ. ಫೈಲು ನಿಜವಾಗಿ ಎಲ್ಲಿಂದ ಬಂತೆಂದು ನಿಮಗೆ ತಿಳಿಯುವುದೇ ಇಲ್ಲ. ಅದು ವಿಂಡೋಸ್ ಮಾದರಿಯ ಡಿಸ್ಕಿನಿಂದ ಬಂದಿರಬಹುದು, ನೂರು ಮೈಲಿ ಆಚೆಯ ಇನ್ನೊಂದು ಯಂತ್ರದಿಂದಲೂ ಬಂದಿರಬಹುದು. 2020ರಲ್ಲಿ ಬಂದ ಆಂಡ್ರಾಯ್ಡ್ 11 ಕೂಡ ಫೋಟೊ, ಹಾಡು ಇಡುವ ಜಾಗಕ್ಕೆ ಫ್ಯೂಸನ್ನೇ ಮತ್ತೆ ತಂದುಕೊಂಡಿತು. ಹಾಗಾಗಿ ಇದು ದೂರದ ವಿಷಯವೇನಲ್ಲ, ಅನೇಕರ ಕಿಸೆಯಲ್ಲೇ ಇದೆ.

ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಡೀಮನ್ ಬೇಗ ಅರ್ಥವಾಯಿತು. ಅದು ದುಭಾಷಿ. ಅಬ್ಬಾ ಕಚೇರಿಗಳಿಗೆ ಹೋಗುವಾಗ ನಮ್ಮನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವರ ಉರ್ದುವನ್ನು ನಾವು ಗುಮಾಸ್ತರಿಗೆ ಕನ್ನಡದಲ್ಲಿ ಹೇಳಬೇಕು, ಗುಮಾಸ್ತರ ಕನ್ನಡವನ್ನು ಉರ್ದುವಿನಲ್ಲಿ ಹಿಂತಿರುಗಿಸಬೇಕು. ಹತ್ತು ವರ್ಷದ ಹುಡುಗ ಬಾಯಿ ಮುಚ್ಚಿ ನಿಂತರೆ ಈಚೆ ಅಬ್ಬಾ, ಆಚೆ ಗುಮಾಸ್ತ ಇಬ್ಬರೂ ಸುಮ್ಮನೆ ನಿಲ್ಲಬೇಕಾಗಿತ್ತು. ಇಬ್ಬರು ಹಿರಿಯರ ವ್ಯವಹಾರ ಒಬ್ಬ ಹುಡುಗನ ನಾಲಗೆಯ ಮೇಲೆ ನಿಂತಿರುತ್ತಿತ್ತು. ಕರ್ನಲ್ಲಿನ ಸ್ಥಿತಿಯೂ ಅದೇ. ಎಲ್ಲರಿಗಿಂತ ಬಲಶಾಲಿಯಾದ ಕರ್ನಲ್, ತಾನು ನಂಬಲಾಗದ ಒಬ್ಬ ಹೊರಗಿನವನ ಉತ್ತರಕ್ಕೆ ಕಾಯುತ್ತದೆ. ಗಂಟು ಬೀಳುವುದು ಈ ಜಾಗದಲ್ಲೇ.

ಡೆಡ್‌ಲಾಕ್ ಹೊಸ ಸಮಸ್ಯೆಯಲ್ಲ. ನೆದರ್ಲೆಂಡಿನ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲೇ ಇದನ್ನು ವಿವರಿಸಿ ‘ಮಾರಕ ಆಲಿಂಗನ’ ಎಂಬರ್ಥದ ಹೆಸರಿಟ್ಟಿದ್ದರು. 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಇದು ಘಟಿಸಲು ಬೇಕಾದ ನಾಲ್ಕು ಷರತ್ತುಗಳನ್ನು ಪಟ್ಟಿ ಮಾಡಿದರು. ಆ ನಾಲ್ಕನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಕೇರಿಯ ಒಂದು ಮನೆ. ತಂದೆ ತೀರಿಕೊಂಡ ಮೇಲೆ ಅಣ್ಣನ ಬಳಿ ಬೀಗದ ಕೈ ಉಳಿಯಿತು, ತಮ್ಮನ ಬಳಿ ಪತ್ರ. ಪತ್ರ ಕೊಡು, ಬೀಗದ ಕೈ ಕೊಡುತ್ತೇನೆ ಎಂದ ಅಣ್ಣ. ಬೀಗದ ಕೈ ಕೊಡು, ಪತ್ರ ಕೊಡುತ್ತೇನೆ ಎಂದ ತಮ್ಮ. ಈಗ ಷರತ್ತುಗಳನ್ನು ನೋಡಿ. ಒಂದು, ವಸ್ತು ಒಮ್ಮೆಗೆ ಒಬ್ಬನ ಬಳಿ ಮಾತ್ರ ಇರಬಲ್ಲದು. ಎರಡು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು. ಮೂರು, ಹಿಡಿದವನ ಕೈಯಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ನಾಲ್ಕು, ಕಾಯುವವರ ಸಾಲು ಸುತ್ತಿ ಬಂದು ಚಕ್ರವಾಗುವುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಗಂಟು ಬೀಳುವುದಿಲ್ಲ.

ಕರ್ನಲ್ ಬರೆಯುವವರು ಸಾಮಾನ್ಯವಾಗಿ ನಾಲ್ಕನೆಯದನ್ನು ಮುರಿಯುತ್ತಾರೆ. ಎರಡು ಬೀಗ ಬೇಕಾದವರು ಯಾರೇ ಆಗಲಿ, ಅವನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕು ಎಂಬುದು ನಿಯಮ. ಮೊದಲು ಪತ್ರ, ಆಮೇಲೆ ಬೀಗದ ಕೈ. ಪತ್ರ ಸಿಗದವನು ಬೀಗದ ಕೈಯನ್ನು ಮುಟ್ಟುವಂತಿಲ್ಲ. ಹೀಗಾದರೆ ಚಕ್ರ ಕೂಡಿಕೊಳ್ಳಲು ಸಾಧ್ಯವೇ ಇಲ್ಲ. ಈ ಕ್ರಮ ತಪ್ಪುತ್ತಿದೆಯೇ ಎಂದು ಕಾವಲು ಕಾಯಲು ಇಂಗೊ ಮೊಲ್ನಾರ್ ಎಂಬುವರು 2006ರಲ್ಲಿ ಲಾಕ್‌ಡೆಪ್ ಎಂಬ ಸಾಧನವನ್ನು ಲಿನಕ್ಸಿಗೆ ಸೇರಿಸಿದರು. ಯಾವ ಬೀಗ ಹಿಡಿದಿರುವಾಗ ಯಾವ ಬೀಗಕ್ಕೆ ಕೈ ಹಾಕಲಾಯಿತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಎಂದಾದರೂ ಒಮ್ಮೆ ಕ್ರಮ ತಿರುವುಮುರುವಾದರೆ ಸಾಕು, ಗಂಟು ಬೀಳುವ ಮೊದಲೇ ಎಚ್ಚರಿಸುತ್ತದೆ.

ಇಷ್ಟು ಒಳ್ಳೆಯ ಕಾವಲುಗಾರ ಇದ್ದ ಮೇಲೆ ಫ್ಯೂಸ್‌ಗೆ ಏನು ತೊಂದರೆ ಎಂದು ನಾವು ಕೇಳಿದೆವು. ಅಕ್ಕನ ಮಗ ನಮ್ಮ ಕೇರಿಯ ಮನೆಯನ್ನೇ ಉದಾಹರಣೆ ಮಾಡಿಕೊಂಡ. ‘ಆ ತಮ್ಮ ಪತ್ರ ತೆಗೆದುಕೊಂಡು ದುಬೈಗೆ ಹೋದನಲ್ಲ ಮಾಮೂ? ಕೇರಿಯ ಹಿರಿಯರ ನಿಯಮ ದುಬೈಯಲ್ಲಿ ನಡೆಯುತ್ತದೆಯೇ?’ ಫ್ಯೂಸ್‌ನಲ್ಲಿ ಚಕ್ರದ ಅರ್ಧಭಾಗ ಕರ್ನಲ್ಲಿನ ಹೊರಗಿದೆ. ಡೀಮನ್ ಏನು ಹಿಡಿದು ಕೂತಿದೆ, ಯಾರಿಗಾಗಿ ಕಾಯುತ್ತಿದೆ ಎಂಬುದು ಲಾಕ್‌ಡೆಪ್ ಕಣ್ಣಿಗೆ ಬೀಳುವುದಿಲ್ಲ.

ಲಿನಕ್ಸಿನ ಜೊತೆಗೇ ಬರುವ ಫ್ಯೂಸ್ ಕೈಪಿಡಿಯಲ್ಲಿ ಇದರ ಸರಳ ಉದಾಹರಣೆಯಿದೆ. ಒಬ್ಬ ಬಳಕೆದಾರ ಫ್ಯೂಸ್ ಮೂಲಕ ಕಾಣುವ ಒಂದು ಫೈಲನ್ನು ಅಳಿಸಲು ಹೇಳುತ್ತಾನೆ. ಕರ್ನಲ್ ಆ ಫೈಲಿನ ಬೀಗ ಹಿಡಿದು, ಡೀಮನ್‌ಗೆ ಚೀಟಿ ಕಳುಹಿಸಿ, ಉತ್ತರಕ್ಕೆ ಕಾಯುತ್ತದೆ. ಡೀಮನ್ ಆ ಚೀಟಿ ಓದಿ, ಅದೇ ಫೈಲನ್ನು ಅಳಿಸಲು ತಾನೂ ಮುಂಬಾಗಿಲಿನಿಂದಲೇ ಬರುತ್ತದೆ. ಬೀಗ ಹಾಕಿದೆ. ಬೀಗ ತೆರೆಯಬೇಕಾದರೆ ಡೀಮನ್ ಉತ್ತರ ಕೊಡಬೇಕು. ಡೀಮನ್ ಉತ್ತರ ಕೊಡಬೇಕಾದರೆ ಬೀಗ ತೆರೆಯಬೇಕು. ನಮ್ಮ ಕನ್ನಡ ಶಾಲೆಯ ಗಾದೆ ಕರ್ನಲ್ಲಿಗೆ ಬಂದು ಕೂತಿತು! ತಲೆ ಸರಿಯಿರುವ ಯಾರೂ ಹೀಗೆ ಡೀಮನ್ ಬರೆಯುವುದಿಲ್ಲ, ನಿಜ. ಆದರೆ ಕೈತಪ್ಪಿ ಬರೆಯಬಹುದು, ಬೇಕೆಂದೇ ಬರೆಯಬಹುದು, ನಾಲ್ಕು ಪ್ರೋಗ್ರಾಂಗಳನ್ನು ಬಳಸಿಕೊಂಡು ಸುತ್ತುದಾರಿಯಲ್ಲಿ ಬಂದು ಸಿಕ್ಕಿಬೀಳಬಹುದು. ಡೀಮನ್ ಸಾಧಾರಣ ಪ್ರೋಗ್ರಾಂ ಆದ್ದರಿಂದ ಯಾವ ಫೈಲನ್ನು ಮುಟ್ಟಬೇಡ ಎಂದು ಅದಕ್ಕೆ ಹೇಳಿ ಮುಗಿಸುವುದು ಆಗದ ಮಾತು.

ಇದಕ್ಕಿಂತ ಆಳವಾದ ಇನ್ನೊಂದು ತೊಡಕಿದೆ. ಉತ್ತರ ಬರಲಿಲ್ಲ ಎಂದಾಗ ಡೀಮನ್ ನಿಧಾನವೋ, ಸತ್ತಿದೆಯೋ, ಗಂಟಿನಲ್ಲಿ ಸಿಕ್ಕಿದೆಯೋ ಎಂದು ಕರ್ನಲ್ಲಿಗೆ ತಿಳಿಯಲು ದಾರಿಯಿಲ್ಲ. ಮೂರರ ಮುಖವೂ ಒಂದೇ, ಮೌನ.

ಈ ಮೌನವನ್ನು ನಾವೂ ಕಂಡಿದ್ದೇವೆ. ನಮ್ಮ ಕತೆಗಳ ಪ್ರತಿಯೊಂದನ್ನು ಅಕ್ಕನ ಮಗ ತನ್ನ ಮನೆಯ ಯಂತ್ರದಲ್ಲಿ ಇಟ್ಟು, ಅದು ನಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಹಾಗೆ ಫ್ಯೂಸ್ ಮೂಲಕ ತೋರಿಸುವ ಏರ್ಪಾಡು ಮಾಡಿಕೊಟ್ಟಿದ್ದ. ಒಂದು ಮಳೆಗಾಲದ ಸಂಜೆ ನೆಟ್‌ವರ್ಕ್ ಕಡಿದುಹೋಯಿತು. ಕತೆಯ ತಿದ್ದುಪಡಿ ಮುಗಿಸಿ ಉಳಿಸಲು ಒತ್ತಿದ್ದಷ್ಟೇ, ಪರದೆ ಕಲ್ಲಾಯಿತು. ಮುಚ್ಚಲು ಬಾರದು, ಕೊಲ್ಲಲೂ ಬಾರದು. ಡೀಮನ್ ಚೀಟಿ ಎತ್ತಿಕೊಂಡಾದ ಮೇಲೆ, ಕಾಯುವ ಪ್ರೋಗ್ರಾಮನ್ನು ಕೊಲ್ಲುವ ಆಜ್ಞೆ ಕೂಡ ಉತ್ತರ ಬರುವವರೆಗೆ ಬಾಗಿಲಲ್ಲೇ ನಿಲ್ಲುತ್ತದೆ. ಫೋನಿನಲ್ಲಿ ಅಕ್ಕನ ಮಗ ಒಂದು ಚಿಕ್ಕ ಫೈಲು ತೆರೆಯಲು ಹೇಳಿದ. ಅದರ ಹೆಸರು ‘ವೇಟಿಂಗ್’. ಉತ್ತರಕ್ಕೆ ಕಾಯುತ್ತಿರುವ ಕೋರಿಕೆಗಳೆಷ್ಟು ಎಂಬ ಒಂದೇ ಅಂಕೆ ಅದರಲ್ಲಿ. 3 ಎಂದಿತ್ತು. ಹತ್ತು ನಿಮಿಷದ ನಂತರವೂ 3. ‘ಇದು ನಿಜವಾದ ಡೆಡ್‌ಲಾಕ್ ಅಲ್ಲ ಮಾಮೂ, ಬರೀ ಮುಗಿಯದ ಕಾಯುವಿಕೆ. ಆದರೆ ಕಾಯುವವನಿಗೆ ಎರಡೂ ಒಂದೇ’ ಎಂದ. ಆ ಫೈಲಿನ ಪಕ್ಕದಲ್ಲೇ ‘ಅಬಾರ್ಟ್’ ಎಂಬ ಇನ್ನೊಂದು ಫೈಲು. ಅದರಲ್ಲಿ ಏನನ್ನಾದರೂ ಬರೆದರೆ ಸಾಕು, ಡೀಮನ್ ಜೊತೆಗಿನ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ಕಾಯುತ್ತಿದ್ದ ಎಲ್ಲರಿಗೂ ‘ಆಗಲಿಲ್ಲ’ ಎಂಬ ಉತ್ತರ ಸಿಗುತ್ತದೆ. ಬರೆದೆವು. ಪರದೆ ಉಸಿರಾಡಿತು. ಅತ್ತ ಹೋಗುತ್ತಿದ್ದ ಒಂದು ಪುಟದಷ್ಟು ತಿದ್ದುಪಡಿ ದಾರಿಯಲ್ಲೇ ಕಳೆದುಹೋಗಿತ್ತು. ಬೆಳಗಾಗುವುದರೊಳಗೆ ಅದನ್ನು ಮತ್ತೆ ಬರೆದುಕೊಂಡೆವು.

ಫ್ಯೂಸ್ ತನ್ನ ಡೆಡ್‌ಲಾಕಿಗೆ ಕಂಡುಕೊಂಡ ಮೊದಲ ಪರಿಹಾರ ಇಷ್ಟೇ. ಹೊರಗಿನವನು ಎಂದೂ ಗಂಟು ಹಾಕದಂತೆ ತಡೆಯುವುದು ಆಗದಿದ್ದರೆ, ಕಾಯುವುದನ್ನು ನಿಲ್ಲಿಸುವ ಹಕ್ಕು ಸದಾ ಈ ಕಡೆಯವರ ಕೈಯಲ್ಲಿರಬೇಕು. ಡೀಮನನ್ನು ಕೊಂದರೂ ಸಂಬಂಧ ಕಡಿಯುತ್ತದೆ. ಆದರೆ ಡೀಮನ್ ತಾನೇ ಗಂಟಿನಲ್ಲಿ ಸಿಕ್ಕಿದ್ದರೆ ಅದು ಸಾಯುವುದಿಲ್ಲ. ಆಗಲೂ ಕೆಲಸ ಮಾಡುವ ದಾರಿ ಅಬಾರ್ಟ್. ಅದು ಡೀಮನ್ ಅಪ್ಪಣೆಯನ್ನು ಕೇಳುವುದಿಲ್ಲ.

ಆದರೆ ಬಿಟ್ಟುಹೋಗುವುದಕ್ಕೂ ಒಂದು ರೀತಿಯಿದೆ. ಬಳಕೆದಾರನ ಮೆಮೊರಿಗೂ ಚೀಟಿಗೂ ನಡುವೆ ಮಾಹಿತಿಯನ್ನು ನಕಲು ಮಾಡುತ್ತಿರುವ ಕ್ಷಣದಲ್ಲೇ ಅಬಾರ್ಟ್ ಬಂದರೆ ಏನಾದೀತು? ಕೋರಿದವನು ಎದ್ದು ಹೋಗಿರುತ್ತಾನೆ, ನಕಲು ಮಾತ್ರ ಅವನದಲ್ಲದ ಜಾಗಕ್ಕೆ ಸುರಿಯುತ್ತಿರುತ್ತದೆ. ಅದಕ್ಕಾಗಿ ನಕಲು ನಡೆಯುವಷ್ಟು ಹೊತ್ತು ಕೋರಿಕೆಯ ಮೇಲೆ ಒಂದು ಗುರುತು ಇರುತ್ತದೆ. ಆ ಗುರುತು ಇರುವವರೆಗೆ ಅಬಾರ್ಟ್ ಕೂಡ ತಡೆದು ನಿಲ್ಲುತ್ತದೆ. ಈ ತಡೆಯೇ ಹೊಸ ಕಾಯುವಿಕೆ ಆಗಬಾರದಲ್ಲ? ಆದ್ದರಿಂದ ಸಿಕ್ಕಿಬೀಳಬಹುದಾದ ಕೆಲಸವನ್ನೆಲ್ಲ, ಅಂದರೆ ಬೇಕಾದ ಮೆಮೊರಿ ಪುಟವನ್ನು ತರಿಸಿಕೊಳ್ಳುವುದನ್ನು, ಗುರುತು ಹಾಕುವ ಮೊದಲೇ ಮುಗಿಸಿಕೊಳ್ಳುತ್ತಾರೆ. ಗುರುತಿನೊಳಗೆ ನಡೆಯುವುದು ಬರೀ ನಕಲು, ಅದು ಎಲ್ಲೂ ನಿಲ್ಲುವುದಿಲ್ಲ. ಕೈಯಿಂದ ಕೈಗೆ ಅಮಾನತು ದಾಟುವ ಹೊತ್ತಿನಲ್ಲಿ ಕೈ ಬಿಡಬಾರದು, ಆದರೆ ಆ ಹೊತ್ತನ್ನು ಲಂಬಿಸಲೂ ಬಾರದು. ಕೆಲವೇ ಸಾಲುಗಳ ಕೋಡಿನಲ್ಲಿ ಎಷ್ಟೊಂದು ಶಿಸ್ತು!

ಎರಡನೆಯ ಪರಿಹಾರ ಬಿಡಿಸುವುದಲ್ಲ, ಗಂಟೇ ಬೀಳದಂತೆ ತಡೆಯುವುದು. ಅದನ್ನು ಅರ್ಥ ಮಾಡಿಕೊಳ್ಳಲು ಮೆಮೊರಿಯ ಕತೆ ಕೇಳಬೇಕು. ನಾವು ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ. ಕರ್ನಲ್ ಅದನ್ನು ಮೆಮೊರಿಯ ಪುಟಗಳಲ್ಲಿ ಇಟ್ಟುಕೊಂಡು ಬಿಡುವಾದಾಗ ಕಳುಹಿಸುತ್ತದೆ. ಮೆಮೊರಿ ತುಂಬಿತೆನ್ನಿ, ಈ ಪುಟಗಳು ಹೊರಗೆ ಹೋಗುವವರೆಗೆ ಹೊಸದಾಗಿ ಕೇಳಿದವರು ಕಾಯಬೇಕು. ಆ ಪುಟಗಳನ್ನು ಬರೆಯಬೇಕಾದವನು ಫ್ಯೂಸ್ ಡೀಮನ್. ಬರೆಯಲು ಅವನಿಗೂ ಒಂದಿಷ್ಟು ಮೆಮೊರಿ ಬೇಕು. ಕೇಳುತ್ತಾನೆ. ಪುಟ ಬರೆದಾದ ಮೇಲೆ ಕೊಡುತ್ತೇನೆ, ಕಾಯಿ ಎನ್ನುತ್ತದೆ ಕರ್ನಲ್. ಪುಟ ಇರುವುದು ಅವನ ಕೈಯಲ್ಲೇ!

2008ರಲ್ಲಿ ಲಿನಕ್ಸ್ 2.6.26 ಬಂದಾಗ ಸೆರೆದಿಯವರು ಇದಕ್ಕೆ ಮಾಡಿದ ಉಪಾಯ ಸೊಗಸಾಗಿದೆ. ಕಳುಹಿಸಬೇಕಾದ ಪುಟದ ನಕಲೊಂದನ್ನು ತಾತ್ಕಾಲಿಕ ಪುಟಕ್ಕೆ ತೆಗೆದು ಅದನ್ನು ಡೀಮನ್‌ಗೆ ಕೊಡುವುದು. ಮೂಲ ಪುಟದ ಮೇಲೆ ‘ಬರೆದಾಯಿತು’ ಎಂದು ಆಗಲೇ ಗುರುತು ಹಾಕುವುದು. ಈಗ ಡೀಮನ್ ಎಷ್ಟೇ ತಡ ಮಾಡಲಿ, ಮೆಮೊರಿ ಕೇಳಿದವರು ಯಾರೂ ಅವನಿಗಾಗಿ ಕಾಯುವುದಿಲ್ಲ. ಬೆಲೆ ಏನೆಂದರೆ ಪ್ರತಿ ಪುಟಕ್ಕೂ ಒಂದು ನಕಲಿನ ಶ್ರಮ, ಒಂದು ಪುಟದ ಹೆಚ್ಚುವರಿ ಜಾಗ. ಈ ಬೆಲೆಯನ್ನು 17 ವರ್ಷ ತೆತ್ತರು. 2025ರಲ್ಲಿ ಲಿನಕ್ಸ್ 6.16 ಬಂದಾಗ ನಕಲನ್ನು ಕೈಬಿಟ್ಟು, ಇಂಥ ಪುಟಗಳ ಬರವಣಿಗೆ ಯಾವಾಗ ಮುಗಿಯುತ್ತದೆಂದು ಹೇಳಲಾಗದು, ಮೆಮೊರಿ ಬಿಡಿಸುವಾಗ ಇವಕ್ಕಾಗಿ ಕಾಯಬೇಡಿ ಎಂದು ಕರ್ನಲ್ಲಿಗೇ ತಿಳಿಸುವ ಏರ್ಪಾಡು ಬಂತು. ಮಾರ್ಗ ಬದಲಾಯಿತು, ತತ್ವ ಅದೇ. ನಿನ್ನ ಹತೋಟಿಯಲ್ಲಿ ಇಲ್ಲದವನಿಗಾಗಿ ಕಾಯುವಾಗ, ಅವನಿಗೆ ಬೇಕಾದದ್ದನ್ನು ಕೈಯಲ್ಲಿ ಹಿಡಿದುಕೊಂಡು ಕಾಯಬೇಡ.

ಮೂರನೆಯದು ಕಾಯುವವರನ್ನೇ ಮಿತಿಗೊಳಿಸುವುದು. ಸಾಮಾನ್ಯ ಬಳಕೆದಾರನೊಬ್ಬ ಫ್ಯೂಸ್ ಮೂಲಕ ಜೋಡಿಸಿದ ಜಾಗಕ್ಕೆ, ಬೇರೆ ಏರ್ಪಾಡು ಮಾಡದಿದ್ದರೆ, ಅವನ ಹೊರತು ಯಾರೂ ಕಾಲಿಡುವಂತಿಲ್ಲ. ಯಂತ್ರದ ಸರ್ವಾಧಿಕಾರಿಯಾದ ರೂಟ್ ಕೂಡ! ನಮಗೆ ಮೊದಲು ಇದು ವಿಚಿತ್ರವೆನಿಸಿತು. ಕಾರಣ ತಿಳಿದಾಗ ತಲೆದೂಗಿದೆವು. ಕೆಟ್ಟ ಡೀಮನ್ ತನ್ನ ಜಾಗಕ್ಕೆ ಬಂದವರನ್ನೆಲ್ಲ ಅನಿರ್ದಿಷ್ಟ ಕಾಲ ಕಾಯಿಸಬಲ್ಲದು. ತಾನು ತಂದುಕೊಂಡ ದುಭಾಷಿಗಾಗಿ ತಾನು ಕಾಯಲಿ, ಬೀದಿಯವರನ್ನೆಲ್ಲ ಕಾಯಿಸುವುದು ಬೇಡ ಎಂಬುದು ಲೆಕ್ಕ. 2025ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 6.15ರಲ್ಲಿ ಇನ್ನೊಂದು ಸೌಲಭ್ಯವೂ ಸೇರಿತು. ಯಂತ್ರ ನೋಡಿಕೊಳ್ಳುವವರು ಇಚ್ಛಿಸಿದರೆ ಕೋರಿಕೆಗೆ ಕಾಲಮಿತಿ ವಿಧಿಸಬಹುದು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಸಂಬಂಧ ತಾನಾಗಿ ಕಡಿಯುತ್ತದೆ. ಅಲ್ಲಿಯವರೆಗೆ ಸಂಬಂಧ ಕಡಿಯಲು ಮನುಷ್ಯನೊಬ್ಬ ಎಚ್ಚರವಿರಬೇಕಿತ್ತು. ಕಾಲಮಿತಿಯನ್ನು ಎಲ್ಲರ ಮೇಲೂ ಹೇರದೆ ಆಯ್ಕೆಯಾಗಿ ಇಟ್ಟದ್ದು ನ್ಯಾಯವೇ. ನಿಧಾನವಾದ ಪ್ರಾಮಾಣಿಕನೂ ಇರುತ್ತಾನೆ. ದೂರದ ಯಂತ್ರದಿಂದ ಫೈಲು ತರುವವನಿಗೂ ಪಕ್ಕದ ಡಿಸ್ಕಿನಿಂದ ತರುವವನಿಗೂ ಒಂದೇ ಗಡಿಯಾರ ಹಿಡಿಯಲಾಗದು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಹಳೆಯ ಕತೆಗಳನ್ನು ತೆಗೆದು ನೋಡಿದೆವು. ಹೆಚ್ಚಿನವು ಕಾಯುವವರ ಕತೆಗಳೇ. ಕೊಲ್ಲಿಗೆ ಹೋದ ಗಂಡ ಫೋನು ಮಾಡುವುದನ್ನು ನಿಲ್ಲಿಸಿದ್ದಾನೆ. ಅವನು ಕಷ್ಟದಲ್ಲಿದ್ದಾನೋ, ಬೇರೆ ಸಂಸಾರ ಹೂಡಿದ್ದಾನೋ, ಇಲ್ಲವೇ ಇಲ್ಲವೋ, ಹೆಣ್ಣಿಗೆ ಗೊತ್ತಿಲ್ಲ. ಮೂರರ ಮುಖವೂ ಮೌನವೇ. ಸುತ್ತಲಿನವರು ಹೇಳುವುದು ಒಂದೇ ಮಾತು: ಅವನಿಂದ ಒಂದು ಉತ್ತರ ಬರಲಿ, ಆಮೇಲೆ ನೋಡೋಣ. ಅಂದರೆ ಕಾಯುವುದನ್ನು ಮುಗಿಸುವ ಹಕ್ಕನ್ನು ಮೌನವಾಗಿರುವವನ ಕೈಗೇ ಕೊಟ್ಟು ಕೂತಿದ್ದೇವೆ. ಅವಳ ಹೆಸರಿನ ಮನೆ, ಮಕ್ಕಳ ಕಾಗದ ಪತ್ರ, ಅವಳ ಮುಂದಿನ ಬದುಕು, ಎಲ್ಲವೂ ಆ ಒಂದು ಬೀಗದ ಹಿಂದೆ. ಯಂತ್ರ ಬರೆಯುವವರು ಈ ಸ್ಥಿತಿಯನ್ನು ನೋಡಿ ಡೀಮನ್‌ಗೆ ಬುದ್ಧಿ ಹೇಳುತ್ತಾ ಕೂರಲಿಲ್ಲ. ಕಾಯುವ ಕಡೆ ಒಂದು ಬಾಗಿಲು ಇಟ್ಟರು, ಅದನ್ನು ತೆರೆಯಲು ಆಚೆಯವನ ಸಹಿ ಬೇಡ ಎಂದರು.

ಬಾಗಿಲಿಗೆ ಬೆಲೆಯಿದೆ. ದಾರಿಯಲ್ಲಿದ್ದದ್ದು ಕಳೆಯುತ್ತದೆ, ‘ಆಗಲಿಲ್ಲ’ ಎಂಬ ಉತ್ತರವನ್ನು ನುಂಗಿಕೊಳ್ಳಬೇಕಾಗುತ್ತದೆ. ಆದರೆ ‘ಆಗಲಿಲ್ಲ’ ಎಂಬುದೂ ಒಂದು ಉತ್ತರ. ಅದು ಸಿಕ್ಕವನು ಎದ್ದು ಬೇರೆ ಕೆಲಸಕ್ಕೆ ಹೋಗಬಲ್ಲ. ನಮ್ಮ ಕೇರಿಯ ಮನೆಗೆ ಅಂಥ ಉತ್ತರವೂ ಬರಲಿಲ್ಲ. ಎರಡು ಮಳೆಗಾಲಕ್ಕೆ ಹೆಂಚು ಜಾರಿತು, ಮೂರನೆಯದಕ್ಕೆ ಹಿಂಗೋಡೆ. ಬೀಗ ಮಾತ್ರ ಗಟ್ಟಿಯಾಗಿತ್ತು.

ನಮಗೆ ಈ ಇಡೀ ಕೋಡಿನಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಒಂದೇ ಅಂಕೆ ಇರುವ ಆ ಚಿಕ್ಕ ಫೈಲು. ಏನೂ ನಡೆಯುತ್ತಿಲ್ಲ, ಆದರೂ ಅಂಕೆ ಸೊನ್ನೆಗೆ ಇಳಿದಿಲ್ಲ ಎಂದರೆ ಎಲ್ಲೋ ಯಾರೋ ಸಿಕ್ಕಿಬಿದ್ದಿದ್ದಾರೆ ಎಂದು ಕೈಪಿಡಿ ಹೇಳುತ್ತದೆ. ಗಂಟು ಬಿಡಿಸುವುದು ಆಮೇಲಿನ ಮಾತು. ಮೊದಲು ಎಷ್ಟು ಜನ ಕಾಯುತ್ತಿದ್ದಾರೆಂದು ಯಾರಾದರೂ ಎಣಿಸಬೇಕು.